ನೋವಿಲ್ಲದ ಪ್ರಾಣಿ ಮತ್ತು ನಮ್ಮ ಹೊಣೆ

(ಸಂಘದ ವಾರ್ಷಿಕ ಸಭೆಯಲ್ಲಿ ನಿವೃತ್ತ ಪಶುವೈದ್ಯರೊಬ್ಬರು ಮಾಡಿದ ಭಾಷಣದ ಬರಹ ರೂಪ)



ಶಿಕ್ಷಣದ ಮಹತ್ವದ ಬಗ್ಗೆ ನಾಲ್ಕು ಮಾತು ಹೇಳಿ ಎಂದು ಸಂಘಟಕರು ನನ್ನನ್ನು ಕೇಳಿಕೊಂಡಿದ್ದರು. ಆ ಬಗ್ಗೆ ನನಗಿಂತ ಚೆನ್ನಾಗಿ ಮಾತನಾಡಬಲ್ಲವರು ಇಲ್ಲಿಯೇ ಇದ್ದಾರೆ. ನಾನು ಮೂವತ್ತು ವರ್ಷ ದನ, ಕುರಿ, ಕೋಳಿಗಳ ನಡುವೆ ಕಳೆದವನು. ಆದುದರಿಂದ ನನಗೆ ತಿಳಿದ ಕ್ಷೇತ್ರದಿಂದಲೇ ಒಂದು ಪ್ರಶ್ನೆಯನ್ನು ನಿಮ್ಮ ಮುಂದಿಡುತ್ತೇನೆ. ನೋವನ್ನೇ ಅನುಭವಿಸದ ಹಸು, ಕೋಳಿಗಳನ್ನು ರೂಪಿಸಲು ವಿಜ್ಞಾನಕ್ಕೆ ಸಾಧ್ಯವಾದರೆ, ನಾವು ಹಾಗೆ ಮಾಡಬಹುದೇ?

ಇದು ಕಥೆಯಲ್ಲಿ ಬರುವ ಪ್ರಶ್ನೆಯಲ್ಲ. 2009ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ತತ್ವಶಾಸ್ತ್ರದ ಸಂಶೋಧನಾ ವಿದ್ಯಾರ್ಥಿಯಾಗಿದ್ದ ಆಡಮ್ ಶ್ರೈವರ್ ಎಂಬವರು ಒಂದು ಲೇಖನದಲ್ಲಿ ಈ ಸಲಹೆಯನ್ನು ಮುಂದಿಟ್ಟರು. ಅವರ ವಾದ ಹೀಗಿದೆ: ನೋವಿಗೆ ಎರಡು ಮುಖಗಳಿವೆ. ಎಲ್ಲಿ ಪೆಟ್ಟಾಯಿತು, ಎಷ್ಟು ಬಲವಾಗಿ ಆಯಿತು ಎಂದು ತಿಳಿಯುವುದು ಒಂದು. ಅದರಿಂದ ಸಂಕಟಪಡುವುದು ಇನ್ನೊಂದು. ಈ ಸಂಕಟದಲ್ಲಿ ಮೆದುಳಿನ ಸಿಂಗ್ಯುಲೇಟ್ ಎಂಬ ಭಾಗಕ್ಕೆ ಮುಖ್ಯ ಪಾತ್ರವಿದೆ. ಪ್ರಯೋಗಾಲಯದ ಇಲಿಗಳಲ್ಲಿ ಕೆಲವು ಜೀನ್‌ಗಳನ್ನು ನಿಷ್ಕ್ರಿಯಗೊಳಿಸಿದಾಗ, ಬಿಸಿ ತಗುಲಿದೊಡನೆ ಕಾಲು ಹಿಂತೆಗೆಯುವ ಗುಣ ಉಳಿದುಕೊಂಡು, ದೀರ್ಘಕಾಲದ ನೋವಿನ ಸಂಕಟ ಕಡಿಮೆಯಾದದ್ದು ಕಂಡುಬಂದಿತ್ತು. ದೊಡ್ಡ ಕಾರ್ಖಾನೆಗಳಂತಹ ಫಾರ್ಮ್‌ಗಳನ್ನು ಜನರು ಬಿಡಲಾರರು, ಮಾಂಸ ತಿನ್ನುವುದನ್ನೂ ನಿಲ್ಲಿಸಲಾರರು. ಹೀಗಿರುವಾಗ ಆ ಪ್ರಾಣಿಗಳ ಸಂಕಟವನ್ನಾದರೂ ಜೀನ್ ಮೂಲಕ ತೆಗೆದುಹಾಕೋಣ ಎಂದು ಅವರು ವಾದಿಸಿದರು.

ಅವರ ಸಲಹೆ ಇಂದಿಗೂ ಸಲಹೆಯಾಗಿಯೇ ಉಳಿದಿದೆ. ಆದರೆ ಅದಕ್ಕೆ ಬೇಕಾದ ಉಪಕರಣ ಈಗ ಕೈಗೆ ಬಂದಿದೆ. 2012ರಲ್ಲಿ ಕ್ರಿಸ್ಪರ್ ಎಂಬ ಜೀನ್ ಕತ್ತರಿ ಬೆಳಕಿಗೆ ಬಂತು. 2020ರಲ್ಲಿ ಅದನ್ನು ರೂಪಿಸಿದ ಇಬ್ಬರು ಮಹಿಳಾ ವಿಜ್ಞಾನಿಗಳಿಗೆ ನೊಬೆಲ್ ಪ್ರಶಸ್ತಿ ದೊರೆಯಿತು. 2022ರಲ್ಲಿ ಬಿಸಿಲು ತಾಳಬಲ್ಲ, ಗಿಡ್ಡ ಕೂದಲಿನ ಜೀನ್ ತಿದ್ದಿದ ದನಗಳ ಮಾಂಸಕ್ಕೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ದಾರಿ ತೆರೆಯಿತು. ಬಾಗಿಲು ತೆರೆದಿದೆ. ಒಳಗೆ ಏನೆಲ್ಲ ಬರಬೇಕು ಎಂಬುದನ್ನು ಮಾತ್ರ ನಾವಿನ್ನೂ ಯೋಚಿಸಿಲ್ಲ.

ಸಹೋದರರೇ, ಶ್ರೈವರ್ ಅವರನ್ನು ಕ್ರೂರಿ ಎಂದು ತಿಳಿಯಬೇಡಿ. ಅವರ ಮಾತಿನ ಹಿಂದೆ ಕರುಣೆಯಿದೆ. ಮಾಂಸದ ಕೋಳಿಯನ್ನೇ ನೋಡಿ. ಕೆನಡಾದ ಅಲ್ಬರ್ಟಾ ವಿಶ್ವವಿದ್ಯಾಲಯದ ಸಂಶೋಧಕರು 1957ರ ಕಾಲದ ತಳಿಯನ್ನೂ 2005ರ ತಳಿಯನ್ನೂ ಒಂದೇ ಆಹಾರ ಕೊಟ್ಟು ಸಾಕಿ, ಫಲಿತಾಂಶವನ್ನು 2014ರಲ್ಲಿ ಪ್ರಕಟಿಸಿದರು. 56 ದಿನಗಳಲ್ಲಿ ಹಳೆಯ ತಳಿ ಸುಮಾರು 905 ಗ್ರಾಂ ತೂಗಿತು; ಹೊಸ ತಳಿ ಸುಮಾರು 4,202 ಗ್ರಾಂ ತೂಗಿತು. ಇಷ್ಟು ಬೇಗ ಬೆಳೆಯುವ ದೇಹವನ್ನು ಎಳೆಯ ಕಾಲುಗಳು ಹೇಗೆ ಹೊರಬೇಕು? ಬ್ರಿಟನ್ನಿನಲ್ಲಿ ನಡೆದು 2000ದಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ನೋವುನಿವಾರಕ ಬೆರೆಸಿದ ಆಹಾರವನ್ನೂ ಸಾಮಾನ್ಯ ಆಹಾರವನ್ನೂ ಕೋಳಿಗಳ ಮುಂದಿಟ್ಟರು. ಕುಂಟುವ ಕೋಳಿಗಳು ಔಷಧವಿರುವ ಆಹಾರವನ್ನೇ ಹೆಚ್ಚು ಆರಿಸಿಕೊಂಡವು. ಕುಂಟು ಹೆಚ್ಚಿದಷ್ಟೂ ಔಷಧದ ಸೇವನೆಯೂ ಹೆಚ್ಚಿತು. ಮಾತು ಬಾರದ ಜೀವ ತನ್ನ ನೋವನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳಲು ಸಾಧ್ಯವೇ? ಅದನ್ನು ಕಂಡ ಮನುಷ್ಯನಿಗೆ, ಇವುಗಳಿಗೆ ನೋವೇ ಇಲ್ಲದಿದ್ದರೆ ಎಷ್ಟು ಚೆನ್ನ ಎಂದು ಅನ್ನಿಸುವುದು ಸಹಜ. ನನಗೂ ಹಾಗೆ ಅನ್ನಿಸಿದ್ದುಂಟು.

ಆದರೆ ನಾನು ಮಾಡಿದ ಒಂದು ತಪ್ಪು ನನ್ನನ್ನು ಆ ದಾರಿಯಿಂದ ತಡೆಯುತ್ತದೆ. ತೊಂಬತ್ತರ ದಶಕದಲ್ಲಿ ನಾನು ಬಯಲುಸೀಮೆಯ ಒಂದು ಹೋಬಳಿಯಲ್ಲಿದ್ದೆ. ಬಿತ್ತನೆಯ ಕಾಲ. ಮಳೆ ಬಿದ್ದು ಹೊಲ ಹದಕ್ಕೆ ಬಂದಿತ್ತು. ರೈತರೊಬ್ಬರು ಕುಂಟುತ್ತಿದ್ದ ಎತ್ತನ್ನು ಹೊಡೆದುಕೊಂಡು ಬಂದರು. ಅದಕ್ಕೆ ವಿಶ್ರಾಂತಿ ಬೇಕಿತ್ತು. ಎರಡು ದಿನ ನಡೆಯುವ ಹಾಗೆ ಮಾಡಿಕೊಡಿ ಡಾಕ್ಟ್ರೇ, ಹದ ಹೋದರೆ ವರ್ಷವೇ ಹೋಯಿತು ಎಂದು ಅವರು ಕೈಮುಗಿದರು. ನಾನು ನೋವಿನ ಚುಚ್ಚುಮದ್ದು ಕೊಟ್ಟೆ. ಎತ್ತು ಎದ್ದು ನಡೆಯಿತು, ಹೊಲ ಉತ್ತಿತು. ನಾಲ್ಕನೆಯ ದಿನ ಆ ಕಾಲು ಮತ್ತೆ ನೆಲಕ್ಕೆ ಊರಲಿಲ್ಲ. ಅದಕ್ಕೆ ನಾನೇನು ಮಾಡಿದೆ? ರೋಗವನ್ನು ವಾಸಿ ಮಾಡಲಿಲ್ಲ. ನಿಲ್ಲು ಎಂದು ಹೇಳುತ್ತಿದ್ದ ಒಂದೇ ಒಂದು ದನಿಯನ್ನು ಮುಚ್ಚಿದೆ. ಆ ರೈತರು ನನ್ನನ್ನು ಬೈಯಲಿಲ್ಲ. ಆ ಎತ್ತಿನ ಕಣ್ಣು ಮಾತ್ರ ಈಗಲೂ ನನ್ನ ನೆನಪಿನಲ್ಲಿದೆ.

ಆ ಕಾಲದಲ್ಲಿ ದನಗಳಿಗೆ ಡೈಕ್ಲೋಫೆನಾಕ್ ಎಂಬ ನೋವುನಿವಾರಕ ಧಾರಾಳವಾಗಿ ಬಳಕೆಯಲ್ಲಿತ್ತು. ಆ ಔಷಧವಿದ್ದ ದನದ ಕಳೇಬರ ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸಾಯುತ್ತಿವೆಯೆಂದು 2004ರಲ್ಲಿ ಪಾಕಿಸ್ತಾನದಲ್ಲಿ ನಡೆದ ಅಧ್ಯಯನ ತೋರಿಸಿತು. ಅಷ್ಟರಲ್ಲಿ ಭಾರತದಲ್ಲಿ ಕೋಟಿಗಟ್ಟಲೆ ಹದ್ದುಗಳು ಹೋಗಿದ್ದವು. ಬಿಳಿಬೆನ್ನಿನ ರಣಹದ್ದುಗಳ ಸಂಖ್ಯೆ ಶೇಕಡಾ 99ಕ್ಕೂ ಹೆಚ್ಚು ಕುಸಿಯಿತು. 2006ರಲ್ಲಿ ನಮ್ಮ ಸರಕಾರ ಪಶುಗಳಿಗೆ ಆ ಔಷಧವನ್ನು ನಿಷೇಧಿಸಿತು. ಒಂದು ಜೀವದ ನೋವನ್ನು ಮುಚ್ಚುವ ಸುಲಭ ದಾರಿ ಎಲ್ಲೆಲ್ಲಿಗೆ ತಲುಪಬಹುದು ಎಂಬುದಕ್ಕೆ ಇದೊಂದು ಪಾಠ. ಔಷಧವನ್ನಾದರೂ ನಿಲ್ಲಿಸಬಹುದು. ವಂಶದಿಂದ ವಂಶಕ್ಕೆ ಹರಿಯುವ ಜೀನ್ ಅನ್ನು ಹಿಂದಕ್ಕೆ ಕರೆಯುವುದು ಅಷ್ಟು ಸುಲಭವಲ್ಲ.

ಇನ್ನು, ನೋವಿಲ್ಲದ ಬದುಕು ಹೇಗಿರುತ್ತದೆ? ವೆಲ್ಲೂರಿನ ಕ್ರೈಸ್ತ ವೈದ್ಯಕೀಯ ಕಾಲೇಜಿನಲ್ಲಿ 1946ರಿಂದ ಕೆಲಸ ಮಾಡಿದ ಡಾ. ಪಾಲ್ ಬ್ರಾಂಡ್ ಕುಷ್ಠರೋಗಿಗಳ ಬೆರಳುಗಳು ಏಕೆ ಸವೆಯುತ್ತವೆ ಎಂದು ಪರೀಕ್ಷಿಸಿದರು. ಮಾಂಸ ತಾನಾಗಿ ಕೊಳೆಯುವುದಿಲ್ಲ; ಸ್ಪರ್ಶ ಮತ್ತು ನೋವು ಹೋದುದರಿಂದ ರೋಗಿಗಳು ಅರಿಯದೆ ತಮ್ಮನ್ನೇ ಸುಟ್ಟುಕೊಳ್ಳುತ್ತಾರೆ, ಗಾಯದ ಮೇಲೆಯೇ ನಡೆಯುತ್ತಾರೆ ಎಂಬುದು ಅವರ ಕಾಣ್ಕೆ. 2006ರಲ್ಲಿ ಉತ್ತರ ಪಾಕಿಸ್ತಾನದ ಕೆಲವು ಕುಟುಂಬಗಳಲ್ಲಿ ಹುಟ್ಟಿನಿಂದಲೇ ನೋವಿಲ್ಲದ ಮಕ್ಕಳಲ್ಲಿ ಒಂದು ಜೀನ್ ಕೆಟ್ಟಿರುವುದು ಪತ್ತೆಯಾಯಿತು. ಅಂತಹ ಒಬ್ಬ ಹುಡುಗ ಕೆಂಡದ ಮೇಲೆ ನಡೆದು, ತೋಳಿಗೆ ಚೂರಿ ಚುಚ್ಚಿಕೊಂಡು ಬೀದಿಯಲ್ಲಿ ಪ್ರದರ್ಶನ ಕೊಡುತ್ತಿದ್ದ. ಚಿಕ್ಕ ವಯಸ್ಸಿನಲ್ಲೇ ಮನೆಯ ಮಾಡಿನಿಂದ ಹಾರಿ ತೀರಿಕೊಂಡ. ನೋವು ನಮ್ಮ ಶತ್ರುವಲ್ಲ, ಕಾವಲುಗಾರ. ಅರಿವು ಉಳಿಸಿ ಸಂಕಟ ಮಾತ್ರ ತೆಗೆಯುತ್ತೇವೆ ಎಂದು ಶ್ರೈವರ್ ಹೇಳಬಹುದು. ಆದರೆ ಗಾಯವಾಯಿತೆಂದು ತಿಳಿದೂ ಅದರ ಬಗ್ಗೆ ಕಾಳಜಿಯಿಲ್ಲದ ಪ್ರಾಣಿ ಗಾಯದ ಕಾಲಿಗೆ ವಿಶ್ರಾಂತಿ ಕೊಡುವುದೇ?

ಎರಡನೆಯದಾಗಿ, ಪ್ರಾಣಿಗೆ ನಾವು ಕೊಡಬೇಕಾದದ್ದು ನೋವಿಲ್ಲದಿರುವುದು ಮಾತ್ರವೇ? ಹದಿಮೂರನೆಯ ಶತಮಾನದ ವಿದ್ವಾಂಸ ಇಝ್ಝುದ್ದೀನ್ ಇಬ್ನು ಅಬ್ದುಸ್ಸಲಾಮ್ ಮನುಷ್ಯರ ಮೇಲೆ ಪ್ರಾಣಿಗಳಿಗಿರುವ ಹಕ್ಕುಗಳನ್ನು ಪಟ್ಟಿ ಮಾಡಿದ್ದಾರೆ. ಮುದಿಯಾಗಿ, ರೋಗಿಯಾಗಿ ಪ್ರಯೋಜನಕ್ಕೆ ಬಾರದಿದ್ದರೂ ಮೇವು ಕೊಡಬೇಕು. ಮೀರಿದ ಹೊರೆ ಹೊರಿಸಬಾರದು. ಮಲಗುವ ಸ್ಥಳ ಹಿತವಾಗಿರಬೇಕು. ಮರಿಗಳನ್ನು ತಾಯಿಯ ಕಣ್ಣೆದುರು ಕೊಯ್ಯಬಾರದು. ಹೆಣ್ಣು ಗಂಡುಗಳನ್ನು ಕಾಲಕ್ಕೆ ಸರಿಯಾಗಿ ಸೇರಲು ಬಿಡಬೇಕು. ಈ ಪಟ್ಟಿಯನ್ನು ಗಮನಿಸಿ. ಇದರಲ್ಲಿ ಹೆಚ್ಚಿನವು ಬರಿಯ ನೋವಿನ ಮಾತಲ್ಲ, ಬದುಕಿನ ಮಾತು. ರೆಕ್ಕೆ ಬಿಚ್ಚಲಾಗದ ಪಂಜರದಲ್ಲಿರುವ ಕೋಳಿಗೆ ಕಾಲುನೋವು ಇಲ್ಲವಾದರೂ ರೆಕ್ಕೆ ಬಿಚ್ಚಲು ಜಾಗ ಬಂದಂತಾಗುವುದಿಲ್ಲ.

ಮೂರನೆಯದು ನಮ್ಮ ಬಗ್ಗೆ. ಒಮ್ಮೆ ಪ್ರವಾದಿ ಮುಹಮ್ಮದ್(ಸ)ರು ಮದೀನಾದಲ್ಲಿ ಒಬ್ಬ ಅನ್ಸಾರಿಯ ತೋಟಕ್ಕೆ ಹೋದಾಗ ಅಲ್ಲಿದ್ದ ಒಂಟೆ ನರಳಿ ಕಣ್ಣೀರು ಸುರಿಸಿತು. ಅವರು ಅದರ ಬಳಿ ಹೋಗಿ ಮೈಸವರಿದರು, ಅದು ಸುಮ್ಮನಾಯಿತು. ಆಮೇಲೆ ಅದರ ಒಡೆಯ ಯಾರೆಂದು ವಿಚಾರಿಸಿ, ನೀನು ಹಸಿವಿನಲ್ಲಿಟ್ಟು ಅತಿಯಾಗಿ ದುಡಿಸುತ್ತಿರುವೆಯೆಂದು ಇದು ನನ್ನಲ್ಲಿ ದೂರು ಹೇಳಿದೆ ಎಂದು ತಿಳಿಸಿ, ಅವನಿಗೆ ದೇವಭಯವನ್ನು ನೆನಪಿಸಿದರು. ಅಬೂದಾವೂದ್ ಸಂಗ್ರಹದಲ್ಲಿ ಬರುವ ಪ್ರಸಂಗವಿದು. ಅಲ್ಲಿ ಬದಲಾಗಬೇಕಾದವನು ಒಡೆಯ, ಒಂಟೆಯಲ್ಲ. ನಾಳೆ ನಾವು ಅಳಲಾರದ ಒಂಟೆಯನ್ನು ರೂಪಿಸಿದರೆ ಹಸಿವು ಹಸಿವಾಗಿಯೇ ಇರುತ್ತದೆ, ಹೊರೆ ಹೊರೆಯಾಗಿಯೇ ಇರುತ್ತದೆ. ದೂರು ಕೊಡುವವರು ಮಾತ್ರ ಇರುವುದಿಲ್ಲ. ನ್ಯಾಯ ಸಿಕ್ಕಿದ್ದರಿಂದ ದೂರು ನಿಲ್ಲುವುದು ಬೇರೆ, ದೂರುದಾರನ ನಾಲಿಗೆ ಕತ್ತರಿಸಿ ದೂರು ನಿಲ್ಲಿಸುವುದು ಬೇರೆ.

ಹಾಗಾದರೆ ಪ್ರಾಣಿಗಳ ಜೀನ್ ಮುಟ್ಟುವುದೇ ತಪ್ಪೇ? ಹಾಗೆಂದು ನಾನು ಹೇಳುವುದಿಲ್ಲ. ಕರುಗಳ ಕೊಂಬನ್ನು ಸುಡುವ ನೋವು ತಪ್ಪಿಸಲು ಕೊಂಬೇ ಬಾರದ ಹಾಲಿನ ಕರುಗಳನ್ನು ಅಮೆರಿಕದಲ್ಲಿ ಜೀನ್ ತಿದ್ದಿ ಪಡೆದರು. ಅವು ಹುಟ್ಟಿದ್ದು 2015ರಲ್ಲಿ. ಇಲ್ಲಿ ತೆಗೆದದ್ದು ನೋವಿನ ಕಾರಣವನ್ನು, ನೋವಿನ ಅರಿವನ್ನಲ್ಲ. ಆದರೂ 2019ರಲ್ಲಿ ಅಮೆರಿಕದ ಸರಕಾರಿ ವಿಜ್ಞಾನಿಗಳು ಪರೀಕ್ಷಿಸಿದಾಗ ಅದರಲ್ಲಿ ಬ್ಯಾಕ್ಟೀರಿಯಾದ ಡಿಎನ್‌ಎ ತುಣುಕು ಯಾರಿಗೂ ತಿಳಿಯದೆ ಸೇರಿಕೊಂಡದ್ದು ಕಂಡುಬಂತು. ಒಳ್ಳೆಯ ಉದ್ದೇಶಕ್ಕೂ ಎಚ್ಚರ ಬೇಕು ಎಂದರ್ಥ.

ವಿದ್ಯಾರ್ಥಿಗಳೇ, ನಿಮಗೆ ಒಂದು ಸರಳ ಒರೆಗಲ್ಲು ಕೊಡುತ್ತೇನೆ. ಪ್ರಾಣಿಯಲ್ಲಿ ಮಾಡಿದ ಬದಲಾವಣೆ ಒಳ್ಳೆಯ ಹಟ್ಟಿಯಲ್ಲಿಯೂ ಅದಕ್ಕೆ ಒಳಿತೇ ಎಂದು ಕೇಳಿ. ಕೊಂಬಿಲ್ಲದ ಕರು ಒಳ್ಳೆಯ ಹಟ್ಟಿಯಲ್ಲೂ ಸುಖವಾಗಿರುತ್ತದೆ. ನೋವಿಲ್ಲದ ಕೋಳಿಯನ್ನು ಅಂಗಳಕ್ಕೆ ಬಿಟ್ಟರೆ ಅದು ಮುಳ್ಳಿಗೂ ಬೆಂಕಿಗೂ ಬಲಿಯಾಗುತ್ತದೆ. ಕೆಟ್ಟ ಗೂಡಿನಲ್ಲಿ ಮಾತ್ರ ಒಳ್ಳೆಯದೆನಿಸುವ ಬದಲಾವಣೆ ಪ್ರಾಣಿಗಾಗಿ ಮಾಡಿದ್ದಲ್ಲ, ಗೂಡಿಗಾಗಿ ಮಾಡಿದ್ದು.

ನಮ್ಮಿಂದ ಆಗುವ ಕೆಲಸ ಬಹಳವಿದೆ. ಕೊಂಬು ಸುಡುವಾಗ, ಬೀಜ ಒಡೆಯುವಾಗ ಮರಗಟ್ಟಿಸುವ ಚುಚ್ಚುಮದ್ದು ಕೊಡಬಹುದು. ಕೋಳಿಮನೆಯಲ್ಲಿ ಹಕ್ಕಿಗಳನ್ನು ಕಡಿಮೆ ಮಾಡಿ ಜಾಗ ಹೆಚ್ಚಿಸಬಹುದು. ನಿಧಾನವಾಗಿ ಬೆಳೆಯುವ ತಳಿ ಸಾಕಿದವರಿಗೆ ನಾಲ್ಕು ರೂಪಾಯಿ ಹೆಚ್ಚು ಕೊಡಬಹುದು. ಹಲಾಲ್ ಎಂದು ಕೇಳುವ ನಾವು, ಕತ್ತಿಯ ಕೆಳಗೆ ಬರುವ ಮುನ್ನ ಆ ಜೀವ ಹೇಗೆ ಬದುಕಿತ್ತು ಎಂದೂ ಕೇಳಬೇಕು. ನಿಮ್ಮಲ್ಲಿ ಕೆಲವರಾದರೂ ಪಶುವೈದ್ಯ ವಿಜ್ಞಾನ, ಜೀನ್ ವಿಜ್ಞಾನ ಓದಿರಿ. ನಾಳೆ ಇಂತಹ ತೀರ್ಮಾನಗಳು ನಡೆಯುವ ಕೋಣೆಯಲ್ಲಿ ಆ ಒಂಟೆಯ ಪರವಾಗಿ ಮಾತನಾಡುವವರು ಬೇಕು.

ನನ್ನ ಮುಂದೆ ನಿಂತಿದ್ದ ಎತ್ತಿನ ದೂರನ್ನು ನಾನು ಅಂದು ಕೇಳಿಸಿಕೊಳ್ಳಲಿಲ್ಲ. ನೀವು ಕೇಳಿಸಿಕೊಳ್ಳುವವರಾಗಿರಿ. ಅದಕ್ಕೆ ಬೇಕಾದ ವಿದ್ಯೆಯನ್ನೂ ಮೃದು ಹೃದಯವನ್ನೂ ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.