ಅವ್ವನ ಕಾಗದ, ನನ್ನ ಅಕ್ಷರ



ಈ ಉಪನ್ಯಾಸಕ್ಕೆ ನನ್ನನ್ನು ಕರೆದವರು ಫೋನಿನಲ್ಲಿ, "ಸರ್, ಅಂಚೆ, ತಂತಿ, ಫೋನು, ವಾಟ್ಸ್‌ಆ್ಯಪ್ ಇವುಗಳ ಬಗ್ಗೆ ನಿಮ್ಮ ಅನಿಸಿಕೆ ಹೇಳಿ. ಆ ಕಾಲದ ಕಾಗದದ ಸೊಗಸು ಈಗೆಲ್ಲಿದೆ ಅಂತ ಸ್ವಲ್ಪ ಹೇಳಿಬಿಟ್ಟರೆ ಸಭೆಗೆ ಹಿಡಿಸುತ್ತೆ" ಅಂದರು. ಹೂಂ ಅಂದೆ. ರಾತ್ರಿ ಮಲಗಿದಾಗ, ಆ ಸೊಗಸನ್ನು ಹೊಗಳುವುದಕ್ಕೆ ನನಗೆ ಬಾಯಿಲ್ಲ ಅನ್ನಿಸಿತು. ಯಾಕೆ ಅನ್ನುವುದೇ ಇವತ್ತಿನ ನನ್ನ ಮಾತು.

ನಾನು ಬೆಳೆದದ್ದು ಹರಿಹರದಲ್ಲಿ. ಅಪ್ಪ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿದ್ದರು. 1941ರಲ್ಲಿ ಶುರುವಾದ, ಲೇತ್ ಮಷೀನುಗಳಿಗೆ ಹೆಸರಾದ ಕಾರ್ಖಾನೆ. ಬಾಗಿಲು ಹಾಕಿ ಎರಡು ದಶಕ ದಾಟಿತು. ನಮ್ಮ ಮನೆಯಲ್ಲಿ ಗೋಡೆ ಗಡಿಯಾರಕ್ಕಿಂತ ಅದರ ಸೈರನ್ನಿಗೆ ಮರ್ಯಾದೆ ಹೆಚ್ಚು. ಸೈರನ್ ಕೂಗಿತು ಅಂದರೆ ಅಪ್ಪ ಹೊರಡಬೇಕು, ಕೂಗಿತು ಅಂದರೆ ಅವ್ವ ರೊಟ್ಟಿ ತಟ್ಟಲು ಕೂರಬೇಕು. ದಾವಣಗೆರೆಯ ಹಳಬರಿಗೆ ಹತ್ತಿ ಮಿಲ್ಲುಗಳ ಕೂಗೂ ಹೀಗೆಯೇ ಕಿವಿಯಲ್ಲಿದ್ದೀತು. ಅದೂ ಒಂದು ಸಂದೇಶವೇ ತಾನೆ? ಇಡೀ ಊರಿಗೆ ಒಟ್ಟಿಗೆ ತಲುಪುವ, ಅಕ್ಷರ ಬಾರದವರಿಗೂ ಅರ್ಥವಾಗುವ ಸಂದೇಶ.

ನಮ್ಮವ್ವನಿಗೆ ಅಕ್ಷರ ಬರುವುದಿಲ್ಲ. ಅವಳ ತವರು ಜಗಳೂರು ಸೀಮೆಯ ಒಂದು ಹಳ್ಳಿ. ನಾನು ನಾಲ್ಕನೇ ಕ್ಲಾಸಿಗೆ ಬಂದ ಮೇಲೆ ತವರಿಗೆ ಕಾಗದ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಅವ್ವ ಮೊರದಲ್ಲಿ ಅಕ್ಕಿ ಇಟ್ಟುಕೊಂಡು ಕಲ್ಲು ಆರಿಸುತ್ತಾ ಹೇಳುವುದು, ನಾನು ಕಾರ್ಡಿನ ಮೇಲೆ ಬರೆಯುವುದು. "ಬರಿಯಲೇ ತಮ್ಮಾ. ಉಗಾದಿಗೆ ಕರಿಯಾಕೆ ಯಾರೂ ಬರ್ಲಿಲ್ಲ. ಬಾಗ್ಲಾಗೆ ಕುಂತು ಕುಂತು ನನಗೆ ಸಾಕಾತು. ಅಪ್ಪಗೆ ನಾನು ಬ್ಯಾಡಾಗೀನೇನು ಅಂತ ಬರಿ" ಅನ್ನುವಳು. ನಾನು ಬರೆದದ್ದು: "ತೀರ್ಥರೂಪು ತಂದೆಯವರಿಗೆ ಸಾಷ್ಟಾಂಗ ನಮಸ್ಕಾರಗಳು. ಉಭಯ ಕುಶಲೋಪರಿ. ಯುಗಾದಿ ಹಬ್ಬಕ್ಕೆ ತಾವು ಬಾರದಿದ್ದುದರಿಂದ ಬೇಸರವಾಯಿತು. ಇಲ್ಲಿ ಎಲ್ಲರೂ ಕ್ಷೇಮ."

ಕಾರ್ಡಿನಲ್ಲಿ ಜಾಗ ಕಡಿಮೆ, ನನಗೆ ಆಟಕ್ಕೆ ಹೋಗುವ ಆತುರ. ಅದಕ್ಕಿಂತ ಹೆಚ್ಚಾಗಿ, ಅವ್ವನ ಮಾತು ಕಾಗದಕ್ಕೆ ಯೋಗ್ಯವಾದ ಮಾತಲ್ಲ ಅಂತ ನಾಲ್ಕನೇ ಕ್ಲಾಸಿನ ಪಂಡಿತನಿಗೆ ಅನ್ನಿಸಿತ್ತು. ಮೇಷ್ಟ್ರು ಪತ್ರಲೇಖನ ಅಂತ ಕಲಿಸಿದ್ದೇ ಬೇರೆ. ಹೀಗೆ ಹೈಸ್ಕೂಲು ಮುಗಿಯುವವರೆಗೂ ಅವ್ವನ ಕಾಗದಗಳನ್ನು ನಾನೇ ಬರೆದೆ. ಬರೆದು ಮುಗಿಸಿದ ಮೇಲೆ "ಓದು ನೋಡಾಣ" ಅನ್ನುವಳು. ಆಗ ಮಾತ್ರ ಅವಳು ಹೇಳಿದ್ದನ್ನೇ ಹೇಳಿದ ಹಾಗೆ ಬಾಯಲ್ಲಿ ಒಪ್ಪಿಸುತ್ತಿದ್ದೆ. ಕಾರ್ಡು ಹೇಳುವುದೇ ಬೇರೆ ಅಂತ ಅವಳಿಗೆ ಹೇಗೆ ಗೊತ್ತಾಗಬೇಕು?

ತಾತ ತೀರಿಕೊಂಡ ಮೇಲೆ ಸೋದರಮಾವನ ಮನೆಯ ನಡುಮನೆಯಲ್ಲಿ, ಕಾಗದ ಚುಚ್ಚಿಡುವ ತಂತಿ ಒಂದು ಸಿಕ್ಕಿತು. ನಿಮ್ಮ ಮನೆಗಳಲ್ಲೂ ಇದ್ದಿರಬೇಕು, ಕೆಳಗೆ ಮರದ ಬಿಲ್ಲೆ, ಮೇಲೆ ಕೊಕ್ಕೆ. ಕಂದಾಯದ ರಸೀದಿಗಳ ನಡುವೆ ಅವ್ವನ ಕಾರ್ಡುಗಳು. ಒಂದೊಂದಾಗಿ ಓದಿದೆ. ನನ್ನ ಅಕ್ಷರ ದುಂಡಗಾಗುತ್ತಾ ಹೋಗಿದ್ದು ಕಾಣುತ್ತಿತ್ತು. ಅವ್ವ ಮಾತ್ರ ಎಲ್ಲೂ ಇರಲಿಲ್ಲ. ಎಲ್ಲಾ ಕಾರ್ಡಿನಲ್ಲೂ ಎಲ್ಲರೂ ಕ್ಷೇಮ.

ಹಳೆಯ ಕಾಗದದ ಕಾಲವನ್ನು ಯಾರಾದರೂ ಹೊಗಳಿದರೆ ನನಗೆ ಆ ತಂತಿ ನೆನಪಾಗುತ್ತದೆ. ಹೊಗಳುವವರು ಸಾಮಾನ್ಯವಾಗಿ ತಾವೇ ಕಾಗದ ಬರೆಯಬಲ್ಲವರು. ಬರೆಸಿದವರನ್ನು ಯಾರೂ ಕೇಳಲಿಲ್ಲ. ನಮ್ಮ ದೇಶದಲ್ಲಿ ಪೋಸ್ಟ್‌ಕಾರ್ಡು ಬಂದದ್ದು 1879ರಲ್ಲಿ, ಕಾಲಾಣೆಗೆ ಒಂದು. ಅಗ್ಗವೇ. ಆದರೆ ಅದನ್ನು ಬಳಸುವುದಕ್ಕೆ ಕಾಲಾಣೆಯ ಜತೆಗೆ ಅಕ್ಷರವೂ ಬೇಕಿತ್ತು. 2011ರ ಜನಗಣತಿಯಲ್ಲೂ ಕರ್ನಾಟಕದ ಹೆಣ್ಣುಮಕ್ಕಳ ಸಾಕ್ಷರತೆ ಶೇ. 68. ಅಂದರೆ ಪೋಸ್ಟ್‌ಕಾರ್ಡು ಬಂದು ನೂರಾ ಮೂವತ್ತು ವರ್ಷವಾದ ಮೇಲೂ ಮೂವರಲ್ಲಿ ಒಬ್ಬಳಿಗೆ ಅದನ್ನು ಇನ್ನೊಬ್ಬರು ಬರೆದುಕೊಡಬೇಕಾಗಿತ್ತು.

ಹರಿಹರೇಶ್ವರನ ಗುಡಿಯಲ್ಲಿ ಶಾಸನಗಳಿವೆ, ನೋಡಿದ್ದೀರಿ. ಹೊಯ್ಸಳರ ಪೋಲಾಳ್ವ ಆ ಗುಡಿ ಕಟ್ಟಿಸಿದ್ದು 1224ರ ಸುಮಾರಿಗೆ. ಎಂಟು ನೂರು ವರ್ಷ ಬಾಳಿದ ಸಂದೇಶ ಅಂತ ನಾವು ಹೆಮ್ಮೆಪಡುತ್ತೇವೆ, ಪಡಬೇಕಾದ್ದೇ. ಆದರೆ ಅದನ್ನು ಹೇಳಿದವರು ಒಬ್ಬರು, ರಚಿಸಿದವರು ಒಬ್ಬರು, ಕೆತ್ತಿದವರು ಮತ್ತೊಬ್ಬರು. ಗುಡಿಗೆ ಬಂದ ಹೆಚ್ಚಿನವರಿಗೆ ಯಾರಾದರೂ ಓದಿ ಹೇಳಿದರೇ ಉಂಟು. ಕಲ್ಲಾಗಲಿ ಕಾರ್ಡಾಗಲಿ, ನಡುವೆ ಒಬ್ಬ ಬೇಕೇ ಬೇಕು.

ಆ ನಡುವಿನವರ ಬಗ್ಗೆ ಎರಡು ಮಾತು. ಮನಿಯಾರ್ಡರು ತರುವ ಪೋಸ್ಟ್‌ಮ್ಯಾನು ದುಡ್ಡು ಎಣಿಸಿ, ಹೆಬ್ಬೆಟ್ಟು ಒತ್ತಿಸಿಕೊಂಡು, ಫಾರಮ್ಮಿನ ಕೆಳಗಿನ ತುಂಡಿನಲ್ಲಿ ಮಗ ಬರೆದ ಎರಡು ಸಾಲನ್ನೂ ಓದಿ ಹೇಳಿ ಹೋಗುತ್ತಿದ್ದ. ತಂತಿ ಬಂದರಂತೂ ಓದುವ ಮೊದಲೇ ಅಳು. ಅದಿರುತ್ತಿದ್ದುದು ಇಂಗ್ಲಿಷಿನಲ್ಲಿ. "ಮದರ್ ಸೀರಿಯಸ್ ಸ್ಟಾರ್ಟ್ ಇಮ್ಮೀಡಿಯೆಟ್ಲಿ" ಅಂತಲೋ, "ಪಾಸ್ಡ್ ಫಸ್ಟ್ ಕ್ಲಾಸ್" ಅಂತಲೋ, ಓದಿ ಹೇಳುವವರು ಬರುವವರೆಗೆ ಎರಡೂ ಒಂದೇ. ಆಮೇಲೆ ಪಿ.ಪಿ. ನಂಬರಿನ ಕಾಲ. ಮದುವೆ ಕರೆಯೋಲೆಯಲ್ಲಿ ಫೋನ್ ನಂಬರಿನ ಮುಂದೆ ಕಂಸದಲ್ಲಿ ಪಿ.ಪಿ. ಅಂತ ಇದ್ದರೆ, ಫೋನು ಇರುವುದು ಪಕ್ಕದ ಮನೆಯಲ್ಲಿ, ಕರೆದು ಕೊಡುತ್ತಾರೆ ಅಂತ ಅರ್ಥ. ಎಷ್ಟು ದೊಡ್ಡ ಮನಸ್ಸಿನ ಜನ ಅಂತೀರಿ! ನಿಜ. ಆದರೆ ಆ ಪಕ್ಕದ ಮನೆಯ ಹಾಲಿನಲ್ಲಿ ಹತ್ತು ಜನ ಟಿ.ವಿ. ನೋಡುತ್ತಾ ಕೂತಿರುವಾಗ, ಗಂಡನ ಮನೆಯ ಕಷ್ಟವನ್ನು ತಾಯಿಗೆ ಹೇಳಿಕೊಳ್ಳಬೇಕಾದ ಹುಡುಗಿ ಏನು ಹೇಳಿಯಾಳು? "ಹೂಂ ಅವ್ವ, ಚೆನ್ನಾಗಿದೀನಿ." ಮತ್ತೆ ಅದೇ, ಎಲ್ಲರೂ ಕ್ಷೇಮ.

ಎಸ್‌ಟಿಡಿ ಬೂತು ಬಂದು ಇದು ಸ್ವಲ್ಪ ಸಡಿಲವಾಯಿತು, ಗಾಜಿನ ಬಾಗಿಲಾದರೂ ಇತ್ತು. ರಾತ್ರಿ ಹನ್ನೊಂದರ ಮೇಲೆ ಕಾಲು ದರ. ಮೆಡಿಕಲ್, ಎಂಜಿನಿಯರಿಂಗ್ ಓದಲು ಹೊರಗಿನಿಂದ ಬಂದ ಹುಡುಗರು ದಾವಣಗೆರೆಯ ಬೂತುಗಳ ಮುಂದೆ ಆ ಹೊತ್ತಿಗೆ ಸಾಲು ನಿಂತಿರುತ್ತಿದ್ದರು, ಕಣ್ಣೆಲ್ಲ ಮೀಟರಿನ ಕೆಂಪು ಅಂಕಿಗಳ ಮೇಲೆ. ಹಳ್ಳಿಗಳಿಗೆ ಫೋನು ಹರಡಿದ ಕಥೆಯಲ್ಲಿ ನಮ್ಮ ನಾಡಿಗೊಂದು ಪಾಲಿದೆ. ಸ್ಯಾಮ್ ಪಿತ್ರೋಡಾ ಅವರ ಸಿ-ಡಾಟ್ ಸಂಸ್ಥೆ ಹಳ್ಳಿಗಳಿಗೆಂದೇ, ಏರ್ ಕಂಡೀಷನ್ ಇಲ್ಲದೆ ನಮ್ಮ ಸೆಕೆ ಧೂಳಿಗೆ ಬಾಳುವಂತೆ ಮಾಡಿದ ಸಣ್ಣ ಎಕ್ಸ್‌ಚೇಂಜನ್ನು ಮೊದಲು ಕೂರಿಸಿದ್ದು 1986ರಲ್ಲಿ, ಕಿತ್ತೂರಿನಲ್ಲಿ. ಚೆನ್ನಮ್ಮನ ಊರು ಅಂತಷ್ಟೇ ಮಕ್ಕಳಿಗೆ ಹೇಳಿಕೊಡುತ್ತೇವೆ, ಇದನ್ನೂ ಹೇಳಬಹುದು.

ಈಗ 2013ಕ್ಕೆ ಬರುತ್ತೇನೆ. ಆ ವರ್ಷ ಜುಲೈ ನಡುವಿನಲ್ಲಿ ತಂತಿ ಸೇವೆ ನಿಂತಿತು. ನೂರೈವತ್ತು ವರ್ಷಕ್ಕೂ ಮೀರಿದ ಸೇವೆ ಹೋಯಿತಲ್ಲ ಅಂತ ಪತ್ರಿಕೆಗಳು ಬರೆದವು, ಕೊನೆಯ ದಿನ ತಂತಿ ಕೊಡಲು ಜನ ಸಾಲು ನಿಂತರು. ಮರು ತಿಂಗಳು, ಆಗಸ್ಟಿನಲ್ಲಿ, ವಾಟ್ಸ್‌ಆ್ಯಪ್ಪಿಗೆ ಒಂದು ಸಣ್ಣ ಮೈಕಿನ ಗುರುತು ಬಂತು. ಒತ್ತಿ ಹಿಡಿದು ಮಾತಾಡು, ಬಿಡು, ಹೋಗುತ್ತದೆ. ಅದರ ಬಗ್ಗೆ ಯಾರೂ ಸಂಪಾದಕೀಯ ಬರೆದದ್ದು ನಾನು ಕಾಣೆ. ಆದರೆ ನನ್ನ ಲೆಕ್ಕದಲ್ಲಿ, ನಮ್ಮವ್ವನಂಥವರ ಪಾಲಿಗೆ ಪೋಸ್ಟ್‌ಕಾರ್ಡು ಬಂದದ್ದೇ ಆವತ್ತು.

ಅವಳಿಗೆ ಅದನ್ನು ಕಲಿಸಿದ್ದು ನನ್ನ ಮಗಳು, ಕೆಲವು ವರ್ಷ ಬಿಟ್ಟು. ಮೊದಲ ಸಂದೇಶದಲ್ಲಿ ಬರೀ "ಹಲೋ... ಹಲೋ... ಯಾರೂ ಮಾತಾಡಂಗಿಲ್ಲ ನೋಡವಾ ಇದ್ರಾಗೆ" ಅಂತ ಇತ್ತು. ಎರಡನೆಯದು ನಾಲ್ಕು ನಿಮಿಷ. ಹಿಂದೆ ಕುಕ್ಕರ್ ಕೂಗುತ್ತಿದೆ, ಯಾರೋ ಸೊಪ್ಪು ಮಾರುತ್ತಿದ್ದಾರೆ, ಅವ್ವ ತನ್ನ ಮಂಡಿನೋವು, ತಮ್ಮನ ಹೆಂಡತಿ, ನೀರು ಬಿಡುವ ಹೊತ್ತು, ಕನಸಿನಲ್ಲಿ ಬಂದ ಅಪ್ಪ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳುತ್ತಿದ್ದಾಳೆ. ತೀರ್ಥರೂಪು ಇಲ್ಲ, ಕುಶಲೋಪರಿ ಇಲ್ಲ. ನಡುವೆ ಎಲ್ಲೋ, "ಬಾಗ್ಲಾಗೆ ಕುಂತು ಕುಂತು ಸಾಕಾತಲೇ ತಮ್ಮಾ, ಯಾವಾಗ ಬರ್ತಿ" ಅಂದಳು. ನಾನು ಕಾರ್ಡಿನಿಂದ ಬಿಟ್ಟಿದ್ದ ಅದೇ ಮಾತು. ನಾನಿರುವ ದಾವಣಗೆರೆಯಿಂದ ಹರಿಹರಕ್ಕೆ ಹದಿನಾಲ್ಕು ಕಿಲೋಮೀಟರು ಅಷ್ಟೇ. ಆ ಭಾನುವಾರ ಹೋದೆ.

ನಾಲ್ಕು ನಿಮಿಷದ ವಾಯ್ಸ್ ಮೆಸೇಜು ಕಳಿಸುವವರನ್ನು ಕಂಡರೆ ಹುಡುಗರಿಗೆ ಆಗುವುದಿಲ್ಲ. ಟೈಪ್ ಮಾಡಬಾರದಾ ಅಂತಾರೆ. ಕಚೇರಿಯ ಕೆಲಸಕ್ಕೆ ಹೀಗೆ ಮಾಡಿದರೆ ನನಗೂ ಸಿಟ್ಟು ಬರುತ್ತದೆ. ಆದರೆ ಟೈಪ್ ಮಾಡು ಅನ್ನುವುದು, ನಾಲ್ಕನೇ ಕ್ಲಾಸಿನಲ್ಲಿ ನಾನು ಅವ್ವನ ಮಾತಿಗೆ ಸಾಷ್ಟಾಂಗ ನಮಸ್ಕಾರ ಸೇರಿಸಿದ ಹಾಗೆಯೇ. ಅವರು ಮಾತಿನ ಜನ, ಮಾತಾಡಲಿ ಬಿಡಿ.

ಸಂಜೆ ಮಂಡಕ್ಕಿ ಮೆಣಸಿನಕಾಯಿ ತಿನ್ನಲು ಗಾಡಿಯ ಹತ್ತಿರ ನಿಲ್ಲಿ. ದುಡ್ಡು ಬಂತೆಂದು ಸಣ್ಣ ಪೆಟ್ಟಿಗೆಯೊಂದು ಕನ್ನಡದಲ್ಲಿ ಕೂಗುತ್ತದೆ, ಕೆಲವು ಕಡೆ ನಟ ಸುದೀಪ್ ಅವರ ದನಿಯಲ್ಲೇ. ನಮಗೆ ತಮಾಷೆ. ಬಜಿ ಕರಿಯುವಾತನಿಗೆ ತಮಾಷೆಯಲ್ಲ. ಕೈತುಂಬ ಹಿಟ್ಟು, ಕಣ್ಣು ಬಾಣಲೆಯ ಮೇಲೆ. ಫೋನಿನ ಪರದೆ ಓದುವ ಪುರುಸೊತ್ತಿಲ್ಲ, ಎಷ್ಟೋ ಜನಕ್ಕೆ ಓದಲು ಬರುವುದೂ ಇಲ್ಲ. ಕಿವಿಗೆ ಬಿದ್ದರೆ ಸಾಕು. ಅಲ್ಲಿಗೆ ಮತ್ತೆ ಸೈರನ್ನಿಗೇ ಬಂದೆವು ನೋಡಿ.

ಹೊಸದೆಲ್ಲ ಹೀಗೆಯೇ ಅಂತ ತಿಳಿಯಬೇಡಿ, ಕೆಲವು ಕಡೆ ನಾವು ತಂತಿಯ ಕಾಲದಿಂದ ಒಂದು ಹೆಜ್ಜೆಯೂ ಮುಂದೆ ಬಂದಿಲ್ಲ. 2023ರ ಆಗಸ್ಟಿನಲ್ಲಿ ಗೃಹಲಕ್ಷ್ಮಿ ಶುರುವಾಯಿತು. ಮನೆಯ ಯಜಮಾನಿಯ ಖಾತೆಗೆ ತಿಂಗಳಿಗೆ 2000 ರೂಪಾಯಿ. ಖಾತೆಗೆ ದುಡ್ಡು ಬಿದ್ದಾಗ ಅವ್ವನ ಫೋನಿಗೆ ಬರುವ ಬ್ಯಾಂಕಿನ ಸಂದೇಶ ಇಂಗ್ಲಿಷಿನಲ್ಲಿ. ಓಣಿಯ ಕಿರಾಣಿ ಅಂಗಡಿಗೆ ಫೋನು ಹಿಡಿದುಕೊಂಡು ಹೋಗಿ, "ಇದು ಎರಡು ಸಾವ್ರದ್ದೋ, ಮತ್ತೇನರ ಐತೋ ನೋಡಪ್ಪಾ" ಅಂತ ಕೇಳುತ್ತಾಳೆ. ಒಮ್ಮೆ ಅದು ಖಾತೆಯಿಂದ ಏನೋ ಶುಲ್ಕ ಹಿಡಿದುಕೊಂಡದ್ದರ ಸಂದೇಶವಾಗಿತ್ತು. ಮೂರು ದಿನ ದುಡ್ಡು ಬಂದಿದೆ ಅಂದುಕೊಂಡೇ ಇದ್ದಳು. ಮದರ್ ಸೀರಿಯಸ್ ಮತ್ತು ಪಾಸ್ಡ್ ಫಸ್ಟ್ ಕ್ಲಾಸ್ ಒಂದೇ ಆಗಿದ್ದ ಹಾಗೆ, ಇದೂ.

ಅದಕ್ಕಿಂತ ಕೆಟ್ಟದ್ದು ಒಟಿಪಿ. ಕಾಗದ ಓದಿಸಿಕೊಂಡರೆ ಹೆಚ್ಚೆಂದರೆ ಮನೆಯ ಗುಟ್ಟು ಹೊರಗೆ ಹೋಗುತ್ತಿತ್ತು. ಆರು ಅಂಕಿ ಓದಿಸಿಕೊಂಡರೆ ಖಾತೆಯೇ ಖಾಲಿ. ಯಾರಿಗೂ ಹೇಳಬೇಡಿ ಅಂತ ಅದರಲ್ಲೇ ಬರೆದಿರುತ್ತದೆ, ಅದೂ ಅವಳು ಓದಲಾಗದ ಅಕ್ಷರದಲ್ಲಿ! ಈ ವಿಷಯದಲ್ಲಿ ನನಗೆ ಮೆಚ್ಚಿಕೆಯಾದದ್ದು ಹಳೆಯ ಅಂಚೆಯವರೇ. 2018ರಲ್ಲಿ ಅಂಚೆ ಪೇಮೆಂಟ್ಸ್ ಬ್ಯಾಂಕು ಬಂದ ಮೇಲೆ ಪೋಸ್ಟ್‌ಮ್ಯಾನು ಮನೆ ಬಾಗಿಲಿಗೇ ಬಂದು, ಬೆರಳಚ್ಚು ಒತ್ತಿಸಿಕೊಂಡು ಖಾತೆಯ ದುಡ್ಡು ಎಣಿಸಿ ಕೊಡಬಲ್ಲ. ಹೆಬ್ಬೆಟ್ಟು ಅಂತ ಹೀಯಾಳಿಸಿಕೊಂಡವರ ಹೆಬ್ಬೆಟ್ಟೇ ಈಗ ಸಹಿಗಿಂತ ಗಟ್ಟಿ.

ನನ್ನ ಅನಿಸಿಕೆ ಇಷ್ಟೇ. ಯಾವುದೇ ಹೊಸ ಉಪಕರಣ ಬಂದಾಗ ಅದು ಎಷ್ಟು ವೇಗ ಅಂತ ನಾನು ಕೇಳುವುದಿಲ್ಲ. ನಮ್ಮವ್ವ ಒಬ್ಬಳೇ ಕೂತು, ನಡುವೆ ಯಾರನ್ನೂ ಕರೆಯದೆ ಇದನ್ನು ಬಳಸಬಲ್ಲಳೇ ಅಂತ ಕೇಳುತ್ತೇನೆ. ಮೈಕಿನ ಗುರುತು ಪಾಸಾಯಿತು. ಇಂಗ್ಲಿಷ್ ಎಸ್ಸೆಮ್ಮೆಸ್ಸು ಫೇಲು.

ಈ ಸಭೆಯಲ್ಲಿ ಬ್ಯಾಂಕಿನವರು, ಸರ್ಕಾರಿ ಇಲಾಖೆಯವರು ಇದ್ದೀರಿ, ಮುಂದಿನ ಸಾಲಿನಲ್ಲೇ ಮುಖ ಕಾಣುತ್ತಿದೆ. ನಿಮ್ಮ ಮೇಲಿನವರಿಗೆ ಬರೆಯಿರಿ: ದುಡ್ಡು ಬಂದದ್ದನ್ನು, ಹೋದದ್ದನ್ನು ಕನ್ನಡದಲ್ಲಿ ತಿಳಿಸಲಿ, ಕೇಳಿದವರಿಗೆ ಫೋನು ಮಾಡಿ ದನಿಯಲ್ಲೂ ಹೇಳಲಿ. ಬಜಿ ಗಾಡಿಯ ಪೆಟ್ಟಿಗೆಗೆ ಆಗುವುದು ಬ್ಯಾಂಕಿಗೆ ಯಾಕೆ ಆಗುವುದಿಲ್ಲ? ಉಳಿದವರಿಗೆ ನನ್ನ ಕೋರಿಕೆ: ಹಿರಿಯರ ಫೋನಿನ ಹಿಂಬದಿಗೆ 1930 ಅಂತ ದಪ್ಪಗೆ ಬರೆದ ಚೀಟಿ ಅಂಟಿಸಿ, ದುಡ್ಡು ಮೋಸ ಹೋದರೆ ಕರೆ ಮಾಡುವ ನಂಬರು ಅದು. ಅಂಕಿ ನಮ್ಮವ್ವನಿಗೆ ಬರುತ್ತದೆ.