ನೀರಿನ ಹುಳಿ

ಕೆನ್ನೀರು ತುಂಬಿದ ಕೊಡದಲ್ಲಿ ಪಟಿಕದ ತುಂಡನ್ನು ನಾಲ್ಕು ಸುತ್ತು ಆಡಿಸಿ, ಅಲುಗಿಸದೆ ಇಟ್ಟರೆ ಮಣ್ಣು ತಳಕ್ಕಿಳಿದು ತಿಳಿನೀರು ನಿಲ್ಲುವುದೆಂಬುದನ್ನು ನಮ್ಮ ಮನೆಗಳ ಹಿರಿಯ ಹೆಂಗಸರು ಬಲ್ಲರು. ನಗರಗಳಿಗೆ ನೀರನ್ನು ಶೋಧಿಸಿ ಕಳುಹಿಸುವ ಕಾರ್ಖಾನೆಗಳು ಪಟಿಕದ ಬಂಧುವಾದ ಅಲ್ಯೂಮಿನಿಯಂ ಸಲ್ಫೇಟಿನಿಂದ ಮಾಡುವುದೂ ಬಹುಮಟ್ಟಿಗೆ ಇದನ್ನೇ. ಆದರೆ ಈ ಲವಣವು ನೀರಿಗೆ ಬಿದ್ದೊಡನೆ ಆಮ್ಲವನ್ನು ಹುಟ್ಟಿಸಿ, ನೀರಿನ ಸಹಜವಾದ ಕ್ಷಾರಾಂಶವನ್ನು ತಿಂದುಹಾಕುತ್ತದೆ. ಮೆದುನೀರಿನಲ್ಲಿ ಆ ಅಂಶವೇ ಅತ್ಯಲ್ಪ. ಆದಕಾರಣ ಸುಣ್ಣವನ್ನು ಕೂಡಿಸಬೇಕಾಗುವುದು. ಎಷ್ಟು ಕೂಡಿಸಬೇಕೆಂಬುದೇ ಪ್ರಶ್ನೆ.

1909ರಲ್ಲಿ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಶಾಲೆಯ ಸೋರೆನ್‌ಸೆನ್ ಎಂಬ ವಿದ್ವಾಂಸರು ಇದಕ್ಕೊಂದು ಅಳತೆಗೋಲನ್ನು ಕೊಟ್ಟರು. ಅದು ಬಿಯರ್ ತಯಾರಕರ ಪ್ರಯೋಗಶಾಲೆ. ಪಾನನಿರೋಧವಾದಿಗಳಾದ ಶ್ರೋತೃಗಳು ಕ್ಷಮಿಸಬೇಕು. ಆ ಅಳತೆಯೇ ಪಿಎಚ್. ಅದರಲ್ಲಿ 7 ಎಂಬುದು ಸಮಸ್ಥಿತಿ. ಕೆಳಗೆ ಹುಳಿ, ಮೇಲೆ ಕ್ಷಾರ. ಒಂದು ಮೆಟ್ಟಿಲು ಇಳಿದರೆ ಹುಳಿ ಹತ್ತರಷ್ಟಾಗುವುದು, ಎರಡು ಇಳಿದರೆ ನೂರರಷ್ಟು. ಸುಮಾರು 6ರಿಂದ 7ರ ಆಸುಪಾಸಿನಲ್ಲಿ ಅಲ್ಯೂಮಿನಿಯಂ ಕರಗದೆ, ಹತ್ತಿಯ ಎಳೆಗಳಂತೆ ಕೂಡಿಕೊಂಡು ಮಣ್ಣನ್ನು ಹಿಡಿದು ಕೂರುತ್ತದೆ. ನೀರು ಬಹಳ ಹುಳಿಯಾದರೂ ಬಹಳ ಕ್ಷಾರವಾದರೂ ಅದು ಕರಗಿ ನೀರಿನಲ್ಲಿಯೇ ಉಳಿದುಬಿಡುವುದು.

ಇದರ ಗಂಭೀರತೆಯನ್ನು ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತದ ಕ್ಯಾಮೆಲ್‌ಫರ್ಡ್ ಪಟ್ಟಣದವರನ್ನು ಕೇಳಬೇಕು. 1988ರ ಜುಲೈ 6ರಂದು ಬದಲಿ ಲಾರಿಯವನೊಬ್ಬನು ಅಲ್ಲಿನ ಲೋವರ್‌ಮೂರ್ ಶೋಧನ ಕಾರ್ಖಾನೆಗೆ 20 ಟನ್ ಅಲ್ಯೂಮಿನಿಯಂ ಸಲ್ಫೇಟಿನ ದ್ರಾವಣವನ್ನು ತಂದನು. ಆಗ ಅಲ್ಲಿ ಯಾರೂ ಇರಲಿಲ್ಲ. ಅವನಲ್ಲಿದ್ದ ಬೀಗದಕೈಯೋ ಅನೇಕ ಬೀಗಗಳಿಗೆ ಹೊಂದುತ್ತಿತ್ತು. ದಾಸ್ತಾನಿನ ತೊಟ್ಟಿಯೆಂದು ತಿಳಿದು, ಶೋಧನೆ ಮುಗಿದು ಮನೆಗಳಿಗೆ ಹೋಗಬೇಕಾಗಿದ್ದ ನೀರಿನ ತೊಟ್ಟಿಗೆ ಅಷ್ಟನ್ನೂ ಸುರಿದು ಹೊರಟುಹೋದನು. ಸುಮಾರು 20,000 ಜನರ ನಲ್ಲಿಗಳಿಗೆ ಹುಳಿನೀರು ಬಂದಿತು. ಅಷ್ಟೇ ಅಲ್ಲ, ಆ ಹುಳಿಯು ಕೊಳವೆಗಳ ತಾಮ್ರ, ಸೀಸಗಳನ್ನೂ ಕರಗಿಸಿ ಜೊತೆಗೆ ತಂದಿತು. ಕೊಳವೆಗಳನ್ನು ತೊಳೆದ ನೀರನ್ನು ಬಿಟ್ಟ ನದಿಗಳಲ್ಲಿ ಮೀನುಗಳು ಸತ್ತವು. ಆದರೂ ನೀರು ಕುಡಿಯಲು ಯೋಗ್ಯವೆಂದೇ ಜನರಿಗೆ ಹೇಳಲಾಯಿತು. ನಿಜವಾದ ಕಾರಣ ಹೊರಬೀಳಲು ಎರಡು ವಾರಗಳಿಗೂ ಮಿಗಿಲಾಗಿ ಹಿಡಿಯಿತು. ಲಾರಿಯವನ ತಪ್ಪಿಗಿಂತ ಈ ಮೌನವೇ ನಮಗೆ ಹೆಚ್ಚು ಕಹಿಯಾಗಿ ತೋರುತ್ತದೆ.

ಕಾರ್ಖಾನೆಗಳ ಕೊಳೆನೀರಿಗೂ ಇದೇ ಎಚ್ಚರಿಕೆ ಬೇಕು. ಅಲ್ಲಿ ಕ್ಷಾರವನ್ನು ತಗ್ಗಿಸಲು ಗಂಧಕಾಮ್ಲವನ್ನು ಹಾಕುವರು. 7ರ ಸಮೀಪಕ್ಕೆ ಬಂದಾಗ ಒಂದು ಹನಿ ಹೆಚ್ಚಾದರೂ ಸೂಚಿಯು ಒಮ್ಮೆಗೇ ಜಾರಿಬಿಡುತ್ತದೆ. ಆದುದರಿಂದ ಕೆಲವೆಡೆ ಇಂಗಾಲಾಮ್ಲವಾಯುವನ್ನೇ ನೀರಿನೊಳಕ್ಕೆ ಊದುವುದುಂಟು. ಅದು ನೀರಿನಲ್ಲಿ ದುರ್ಬಲವಾದ ಆಮ್ಲವನ್ನು ಮಾತ್ರ ಕೊಡುವುದರಿಂದ, ಕೈ ತುಸು ಮುಂದಾದರೂ ನೀರು ಅತಿಯಾಗಿ ಹುಳಿಯಾಗದು.