ಪ್ರಶ್ನೆ ಗೆಳೆಯನಿಗೆ, ಪರೀಕ್ಷೆ ನಮಗೆ



ಮಾತು ಆರಂಭಿಸುವ ಮೊದಲು ನಿಮಗೊಂದು ಪ್ರಶ್ನೆ. 1956ರ ನವೆಂಬರ್ 1ರಂದು ಹರಿದು ಹಂಚಿಹೋಗಿದ್ದ ಕನ್ನಡ ನಾಡು ಒಂದಾಯಿತು. ಅಂದು ಉದಯವಾದ ರಾಜ್ಯದ ಹೆಸರೇನು? ಪಕ್ಕದಲ್ಲಿ ಕುಳಿತಿರುವ ಗೆಳೆಯನನ್ನೋ ಗೆಳತಿಯನ್ನೋ ಕೇಳಿ ನೋಡಿ. ಬಹಳಷ್ಟು ಮಂದಿ ಹಿಂದುಮುಂದು ನೋಡದೆ "ಕರ್ನಾಟಕ" ಎಂದುಬಿಡುತ್ತಾರೆ. ಸರಿಯಾದ ಉತ್ತರ ಮೈಸೂರು ರಾಜ್ಯ. ಕರ್ನಾಟಕ ಎಂಬ ಹೆಸರು ಬಂದದ್ದು ಹದಿನೇಳು ವರ್ಷಗಳ ಅನಂತರ, 1973ರ ನವೆಂಬರ್ 1ರಂದು. ರಾಜ್ಯ ಒಂದಾದಾಗ ಮುಖ್ಯಮಂತ್ರಿಯಾದವರು ಎಸ್. ನಿಜಲಿಂಗಪ್ಪನವರು. ಹೆಸರು ಬದಲಾದಾಗ ಇದ್ದವರು ಡಿ. ದೇವರಾಜ ಅರಸು ಅವರು.

ಗೆಳೆಯರು ನಾಲ್ವರು ಸೇರಿದರೆ ಇಂಥ ಪ್ರಶ್ನೆಗಳಿಂದ ಒಂದು ಸಂಜೆ ಹೇಗೆ ಕಳೆಯಿತೆಂದೇ ತಿಳಿಯುವುದಿಲ್ಲ. ಖರ್ಚಿಲ್ಲದ ಆಟ, ಬುದ್ಧಿಗೂ ಕಸರತ್ತು. ಆದರೆ ಈ ಆಟದಲ್ಲಿ ಉತ್ತರ ಹೇಳುವವನಿಗಿಂತ ಪ್ರಶ್ನೆ ಕೇಳುವವನ ಹೊಣೆ ದೊಡ್ಡದು. ಇದನ್ನು ನಾನು ಕಲಿತದ್ದು ನನ್ನದೇ ಒಂದು ತಪ್ಪಿನಿಂದ.

ಆಗ ನಾನು ಕಾಲೇಜು ವಿದ್ಯಾರ್ಥಿ. ನಮ್ಮ ಹಾಸ್ಟೆಲಿನಲ್ಲಿ ಶನಿವಾರ ರಾತ್ರಿ ಊಟವಾದ ಮೇಲೆ ರಸಪ್ರಶ್ನೆ ನಡೆಯುತ್ತಿತ್ತು. ಪ್ರಶ್ನೆ ಕೇಳುವ ಗತ್ತು ನನ್ನದು. ಒಂದು ರಾತ್ರಿ, "ಭಾರತದ ಮೊದಲ ಜಲವಿದ್ಯುತ್ ಕೇಂದ್ರ ಎಲ್ಲಿ ಆರಂಭವಾಯಿತು?" ಎಂದು ಕೇಳಿದೆ. ನನ್ನ ಕೈಯಲ್ಲಿದ್ದ ಪುಟ್ಟ ಪುಸ್ತಕದಲ್ಲಿ ಉತ್ತರ ಶಿವನಸಮುದ್ರ ಎಂದಿತ್ತು. ಕೊಡಗಿನ ಗೆಳೆಯನೊಬ್ಬ ಎದ್ದು ನಿಂತು "ಡಾರ್ಜಿಲಿಂಗ್" ಎಂದ. "ಡಾರ್ಜಿಲಿಂಗಿನಲ್ಲಿ ಟೀ ಸಿಗುತ್ತದಪ್ಪಾ, ಕರೆಂಟಲ್ಲ!" ಎಂದು ನಾನು ನಗೆಯಾಡಿದೆ. ಇಡೀ ಕೊಠಡಿ ಗೊಳ್ಳೆಂದು ನಕ್ಕಿತು. ಅವನ ತಂದೆ ಸೈನ್ಯದಲ್ಲಿದ್ದವರು. "ನಮ್ಮಪ್ಪ ಕರೆದುಕೊಂಡು ಹೋಗಿ ತೋರಿಸಿದ್ದಾರೆ ಕಣೋ" ಎಂದು ಅವನು ಮೆಲ್ಲಗೆ ಹೇಳಿದ್ದು ಆ ನಗುವಿನಲ್ಲಿ ಯಾರಿಗೂ ಕೇಳಿಸಲಿಲ್ಲ. ಮುಂದಿನ ಶನಿವಾರ ಅವನು ಬರಲಿಲ್ಲ, ಆಮೇಲೂ ಬರಲಿಲ್ಲ.

ಎಷ್ಟೋ ವರ್ಷಗಳ ಮೇಲೆ ವಿದ್ಯುತ್ತಿನ ಇತಿಹಾಸ ಓದುತ್ತಿದ್ದಾಗ ನನಗೆ ಸತ್ಯ ತಿಳಿಯಿತು. ಡಾರ್ಜಿಲಿಂಗ್ ಸಮೀಪದ ಸಿದ್ರಾಪೊಂಗ್ ಎಂಬಲ್ಲಿ 1897ರಲ್ಲಿಯೇ 130 ಕಿಲೋವ್ಯಾಟಿನ ಒಂದು ಪುಟ್ಟ ಜಲವಿದ್ಯುತ್ ಕೇಂದ್ರ ಕೆಲಸ ಆರಂಭಿಸಿತ್ತು. ನಮ್ಮ ಶಿವನಸಮುದ್ರ ಆರಂಭವಾದದ್ದು 1902ರಲ್ಲಿ. ಗೆಳೆಯ ಹೇಳಿದ್ದೇ ಸರಿ, ತಪ್ಪು ನನ್ನದು.

ಇದರಿಂದ ಶಿವನಸಮುದ್ರದ ಹಿರಿಮೆಗೆ ಕುಂದು ಬಂತೇ? ಖಂಡಿತ ಇಲ್ಲ. ಕಾವೇರಿಯ ನೀರಿನಿಂದ ಹುಟ್ಟಿದ ವಿದ್ಯುತ್ತನ್ನು ಅಲ್ಲಿಂದ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ತಂತಿಯ ಮೂಲಕ ಸಾಗಿಸಿದರು. ಅದು ಆ ಕಾಲಕ್ಕೆ ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಒಂದು. 1905ರಲ್ಲಿ ಬೆಂಗಳೂರಿನ ಬೀದಿಗಳಿಗೂ ಅಲ್ಲಿಂದಲೇ ಬೆಳಕು ಬಂತು. "ಕಾವೇರಿಯ ನೀರಿಗೂ ಕೋಲಾರದ ಚಿನ್ನಕ್ಕೂ ಏನು ಸಂಬಂಧ?" ಎಂದು ನಾನು ಕೇಳಿದ್ದರೆ ಪ್ರಶ್ನೆ ಇನ್ನಷ್ಟು ಕಠಿಣವಾಗುತ್ತಿತ್ತು, ನಿಜವೂ ಆಗಿರುತ್ತಿತ್ತು, ಗೆಳೆಯನೂ ನಗೆಪಾಟಲಾಗುತ್ತಿರಲಿಲ್ಲ.

"ಮೊದಲ", "ಅತಿ ಹಳೆಯ", "ಅತಿ ದೊಡ್ಡ" ಎಂಬ ಪದಗಳು ಬಂದರೆ ಎಚ್ಚರವಾಗಿರಿ. ಅತ್ಯಂತ ಹಳೆಯ ಕನ್ನಡ ಶಾಸನ ಯಾವುದು ಎಂದರೆ ಹಲ್ಮಿಡಿ ಎಂದು ನಾವೆಲ್ಲ ಬಾಯಿಪಾಠ ಮಾಡಿದ್ದೇವೆ. ಹಾಸನ ಜಿಲ್ಲೆಯ ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ 1936ರಲ್ಲಿ ಡಾ. ಎಂ.ಎಚ್. ಕೃಷ್ಣ ಅವರು ಬೆಳಕಿಗೆ ತಂದ ಈ ಶಾಸನದ ಕಾಲ ಸುಮಾರು ಕ್ರಿ.ಶ. 450. ಆದರೆ ಶಿವಮೊಗ್ಗ ಜಿಲ್ಲೆಯ ತಾಳಗುಂದದ ಪ್ರಣವೇಶ್ವರ ದೇವಾಲಯದ ಬಳಿ 2013ರ ಉತ್ಖನನದಲ್ಲಿ ದೊರೆತ ಸಿಂಹಕಟಾಂಜನ ಶಾಸನವನ್ನು ಪುರಾತತ್ವ ಸರ್ವೇಕ್ಷಣ ಇಲಾಖೆಯವರು ಕ್ರಿ.ಶ. 370ರದೆಂದು ಗುರುತಿಸಿದ್ದಾರೆ. ಹಲ್ಮಿಡಿಯ ಕಲ್ಲು ಬದಲಾಗಲಿಲ್ಲ, ನಮ್ಮ ತಿಳಿವಳಿಕೆ ಬೆಳೆಯಿತು. ನಾಳೆ ಇನ್ನೊಂದು ಹೊಲದಲ್ಲಿ ಇನ್ನೊಂದು ಕಲ್ಲು ಸಿಕ್ಕೀತು. ಇತಿಹಾಸದಲ್ಲಿ "ಮೊದಲನೆಯದು" ಎಂದರೆ "ಇದುವರೆಗೆ ದೊರೆತವುಗಳಲ್ಲಿ ಮೊದಲನೆಯದು" ಎಂದೇ ಅರ್ಥ.

ಹಾಗಾದರೆ ಒಳ್ಳೆಯ ಪ್ರಶ್ನೆ ಎಂದರೆ ಯಾವುದು? ಉತ್ತರ ಗೊತ್ತಾದ ಮೇಲೆ "ಹೌದೇ! ಅದು ಹೇಗೆ ತಿಳಿಯಿತು?" ಎಂದು ಗೆಳೆಯ ಮರುಪ್ರಶ್ನೆ ಹಾಕುವಂತಿರಬೇಕು. ಅದಕ್ಕೂ ನಿಮ್ಮಲ್ಲಿ ಉತ್ತರವಿರಬೇಕು. ಮೂರು ಮಾದರಿ ಕೊಡುತ್ತೇನೆ.

ಮೊದಲನೆಯದು. ಬಂಡೆಗಳ ಮೇಲೆ ಧರ್ಮಲಿಪಿ ಬರೆಸಿದ "ದೇವಾನಾಂಪ್ರಿಯ"ನೇ ಅಶೋಕ ಎಂದು ಖಚಿತಪಡಿಸಿದ್ದು ಕರ್ನಾಟಕದ ಯಾವ ಊರು? ಉತ್ತರ: ರಾಯಚೂರು ಜಿಲ್ಲೆಯ ಮಸ್ಕಿ. ಜೇಮ್ಸ್ ಪ್ರಿನ್ಸೆಪ್ 1837ರಲ್ಲಿ ಬ್ರಾಹ್ಮಿ ಲಿಪಿಯನ್ನು ಓದಿದಾಗ ಶಾಸನಗಳಲ್ಲಿ ಸಿಕ್ಕದ್ದು ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳು ಮಾತ್ರ. ಆತ ಅಶೋಕನೇ ಇರಬೇಕೆಂದು ಸಿಂಹಳದ ಪಾಲಿ ಗ್ರಂಥಗಳ ಆಧಾರದಿಂದ ವಿದ್ವಾಂಸರು ಊಹಿಸಿದ್ದರು. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಎಂಬಾತನಿಗೆ ಮಸ್ಕಿಯಲ್ಲಿ ಒಂದು ಶಾಸನ ಕಾಣಿಸಿತು. ಅದರಲ್ಲಿ ಬಿರುದಿನ ಜೊತೆಗೆ ಅಶೋಕನ ಹೆಸರೇ ಇತ್ತು. ಚಿನ್ನ ಅರಸುವವನ ಕಣ್ಣಿಗೆ ಚಕ್ರವರ್ತಿಯ ಹೆಸರು ಬಿತ್ತು!

ಎರಡನೆಯದು. ಮಹಾಕವಿ ಕಾಳಿದಾಸ ಕ್ರಿ.ಶ. 634ಕ್ಕಿಂತ ಈಚಿನವನಲ್ಲ ಎಂದು ಬಾಗಲಕೋಟೆ ಜಿಲ್ಲೆಯ ಒಂದು ದೇವಾಲಯದ ಗೋಡೆ ಹೇಳುತ್ತದೆ. ಹೇಗೆ? ಅದು ಐಹೊಳೆಯ ಮೇಗುಟಿ ಜಿನಾಲಯ. ಇಮ್ಮಡಿ ಪುಲಕೇಶಿಯ ಕಾಲದ ರವಿಕೀರ್ತಿ ಅಲ್ಲಿಯ ಸಂಸ್ಕೃತ ಶಾಸನದಲ್ಲಿ ತನ್ನ ಕೀರ್ತಿಯನ್ನು ಕಾಳಿದಾಸ ಮತ್ತು ಭಾರವಿಯರ ಕೀರ್ತಿಗೆ ಹೋಲಿಸಿಕೊಂಡಿದ್ದಾನೆ. ಶಾಸನದಲ್ಲಿ ಶಕ ವರ್ಷ 556 ಎಂದಿದೆ, ಅಂದರೆ ಕ್ರಿ.ಶ. 634-35. ಆ ಹೊತ್ತಿಗೆ ಕಾಳಿದಾಸನ ಹೆಸರು ಐಹೊಳೆಯವರೆಗೆ ಹಬ್ಬಿತ್ತು ಎಂದಾಯಿತು. ಇಲ್ಲಿ ಒಂದು ಎಚ್ಚರಿಕೆಯೂ ಉಂಟು. ಪುಲಕೇಶಿ ಹರ್ಷನನ್ನು ಸೋಲಿಸಿದ ಸಂಗತಿ ಇದೇ ಶಾಸನದಲ್ಲಿದೆ, ಆದರೆ ಯುದ್ಧ ನಡೆದ ವರ್ಷ ಇದರಲ್ಲಿಲ್ಲ. 634 ಎಂಬುದು ಶಾಸನದ ವರ್ಷ. ಅದನ್ನೇ ಯುದ್ಧದ ವರ್ಷವೆಂದು ಬರೆದುಕೊಂಡರೆ ತಪ್ಪಾಗುತ್ತದೆ.

ಮೂರನೆಯದು. ಅಮೆರಿಕದ ರಾಷ್ಟ್ರಗೀತೆಗೂ ಮೈಸೂರಿನ ಸೈನ್ಯಕ್ಕೂ ಏನು ಸಂಬಂಧ? ಉತ್ತರ: ರಾಕೆಟ್. ಹೈದರಾಲಿ ಮತ್ತು ಟಿಪ್ಪುವಿನ ಸೈನಿಕರು ಕಬ್ಬಿಣದ ಕೊಳವೆಯಲ್ಲಿ ಮದ್ದು ತುಂಬಿದ ರಾಕೆಟ್ಟುಗಳನ್ನು ಪ್ರಯೋಗಿಸುತ್ತಿದ್ದರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅವು ಇಂಗ್ಲೆಂಡಿಗೆ ಹೋದವು. ಅವುಗಳ ಮಾದರಿಯಿಂದ ವಿಲಿಯಂ ಕಾಂಗ್ರೀವ್ ಬ್ರಿಟಿಷ್ ರಾಕೆಟ್ಟನ್ನು ರೂಪಿಸಿದ. 1814ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದ ಕೋಟೆಯ ಮೇಲೆ ಬ್ರಿಟಿಷರು ಆ ರಾಕೆಟ್ಟುಗಳನ್ನು ಎಸೆದರು. ಅದನ್ನು ಕಣ್ಣಾರೆ ಕಂಡ ಫ್ರಾನ್ಸಿಸ್ ಸ್ಕಾಟ್ ಕೀ ಒಂದು ಕವನ ಬರೆದ. ಅದೇ 1931ರಲ್ಲಿ ಆ ದೇಶದ ರಾಷ್ಟ್ರಗೀತೆಯಾಯಿತು. ಅದರಲ್ಲಿ ರಾಕೆಟ್ಟಿನ ಪ್ರಸ್ತಾಪ ಇಂದಿಗೂ ಇದೆ.

ನೋಡಿದಿರಲ್ಲ, ಈ ಮೂರೂ ಸುಲಭದ ಪ್ರಶ್ನೆಗಳಲ್ಲ. ಆದರೆ ಉತ್ತರ ತಿಳಿಯದವನಿಗೆ ಅವಮಾನವಾಗುವುದಿಲ್ಲ, ಕುತೂಹಲ ಹುಟ್ಟುತ್ತದೆ. ಬರಿಯ ಇಸವಿ ಕೇಳಿದರೆ ನೆನಪಿನ ಪರೀಕ್ಷೆಯಾಯಿತು. ಎರಡು ಸಂಗತಿಗಳ ನಂಟು ಕೇಳಿದರೆ ಯೋಚನೆಗೆ ಅವಕಾಶವಾಯಿತು.

ಇನ್ನು ನೀವೇ ಈ ಆಟ ಆಡುವಾಗ ಕೆಲವು ಕ್ರಮಗಳನ್ನು ಇಟ್ಟುಕೊಳ್ಳಿ. ಪ್ರಶ್ನೆಗಳನ್ನು ಒಂದು ನೋಟ್ ಪುಸ್ತಕದಲ್ಲಿ ಬರೆದು, ಉತ್ತರದ ಪಕ್ಕದಲ್ಲಿ ಅದು ನಿಮಗೆ ಎಲ್ಲಿ ದೊರೆಯಿತೆಂದು ಗುರುತು ಹಾಕಿಕೊಳ್ಳಿ. ಒಂದೇ ಪುಸ್ತಕವನ್ನು ನಂಬಬೇಡಿ, ಇನ್ನೊಂದರಲ್ಲಿಯೂ ನೋಡಿ. ಮೊಬೈಲಿನಲ್ಲಿ ಸಿಕ್ಕ ಉತ್ತರಕ್ಕೂ ಇದೇ ಮಾತು. ಗೆಳೆಯನಿಗೆ ತಕ್ಷಣ ಉತ್ತರ ಹೊಳೆಯದಿದ್ದರೆ ಒಂದೊಂದೇ ಸುಳಿವು ಕೊಡಿ. ಸುಳಿವಿಲ್ಲದೆ ಹೇಳಿದರೆ ಹತ್ತು ಅಂಕ, ಒಂದು ಸುಳಿವಿಗೆ ಐದು, ಎರಡಕ್ಕೆ ಎರಡು. ಎಲ್ಲಕ್ಕಿಂತ ಮುಖ್ಯವಾಗಿ, ಗೆಳೆಯ ಬೇರೆ ಉತ್ತರ ಹೇಳಿ "ಇದೇ ಸರಿ" ಎಂದು ಹಟ ಹಿಡಿದರೆ ನಗಬೇಡಿ. "ನಿನಗೆ ಹೇಗೆ ಗೊತ್ತು?" ಎಂದು ಕೇಳಿ. ಆ ಪ್ರಶ್ನೆಯನ್ನು ಬಾಕಿ ಇಟ್ಟು, ಮರುದಿನ ಇಬ್ಬರೂ ಒಟ್ಟಿಗೆ ಗ್ರಂಥಾಲಯಕ್ಕೆ ಹೋಗಿ. ಅಂದು ನಾನು ಅಷ್ಟು ಮಾಡಿದ್ದರೆ ಸಾಕಿತ್ತು.

ಆ ಗೆಳೆಯನ ವಿಳಾಸ ಹುಡುಕಿ ನಾನು ಪತ್ರ ಬರೆದೆ. ತಪ್ಪು ನನ್ನದೆಂದು ಒಪ್ಪಿಕೊಂಡೆ. ಉತ್ತರವಾಗಿ ಒಂದು ಅಂಚೆ ಕಾರ್ಡು ಬಂತು. ಅದರಲ್ಲಿದ್ದದ್ದು ಇಷ್ಟೇ: "ಹಾಗಾದರೆ ನನ್ನ ಹತ್ತು ಅಂಕ ಈಗಲಾದರೂ ಕೊಡ್ತೀಯೇನೋ?" ಕೊಟ್ಟೆ. ಆದರೆ ಅವನು ಬಾರದೆ ಹೋದ ಅಷ್ಟೊಂದು ಶನಿವಾರಗಳನ್ನು ಹಿಂದಕ್ಕೆ ಕೊಡಲು ನನ್ನಿಂದಾಗಲಿಲ್ಲ.

ಕೊನೆಯದಾಗಿ ನಿಮಗೊಂದು ಕೆಲಸ. ನಿಮ್ಮ ಊರಿನ ಗುಡಿಯ ಬಳಿ, ಕೆರೆಯ ಏರಿಯ ಮೇಲೆ, ಇಲ್ಲವೇ ಹೊಲದ ಬದುವಿನಲ್ಲಿ ಒಂದು ವೀರಗಲ್ಲೋ ಶಾಸನದ ಕಲ್ಲೋ ಇರಬಹುದು. ಅದರ ಮೇಲೊಂದು ಪ್ರಶ್ನೆ ಸಿದ್ಧಪಡಿಸಿ. ಆ ಉತ್ತರ ಯಾವ ರಸಪ್ರಶ್ನೆ ಪುಸ್ತಕದಲ್ಲಿಯೂ ಇರಲಾರದು, ನೀವೇ ಹುಡುಕಬೇಕು. ಬರುವ ರಜೆಯಲ್ಲಿ ಗೆಳೆಯರಿಗೆ ಆ ಪ್ರಶ್ನೆ ಕೇಳಿ. ಉತ್ತರ ಹೊಳೆಯದಿದ್ದರೆ ಅವರನ್ನು ಆ ಕಲ್ಲಿನ ಬಳಿಗೇ ಕರೆದುಕೊಂಡು ಹೋಗಿ.